ಹಾಲು ನೋಡೇ ಅಂದದ್ದು ಹಾಡಲ್ಲ

ಅವ್ವಾ,

ನೀನು ಹೋದಮೇಲೆ, ಫೋನಿನಲ್ಲಿದ್ದ ನಿನ್ನ ಮಂಗಳಾರತಿ ಹಾಡನ್ನು ಮಗಳು ಸಾಹಿತ್ಯಳ ಕೈಲಿ ಇಂಟರ್ನೆಟ್ಟಿಗೆ ಹಾಕಿಸಿದ್ದೆ. ಇಲ್ಲಿ ಜಪಾನಿನ ಗ್ಯೋಟೋಕುವಿನಲ್ಲಿ, ಪಕ್ಕದ ಮನೆ ಓಕಾದಾ ಸಾನ್‌ಗೆ ಕೇಳಿಸದಷ್ಟು ಸಣ್ಣಗೆ ಅದನ್ನು ಹಾಕಿಕೊಂಡೇ ದಿನವೂ ದೀಪ ಹಚ್ಚುತ್ತಿದ್ದೆ. ನೀನು ನಡುವೆ ಹಾಡು ನಿಲ್ಲಿಸದೆ, ಅದೇ ರಾಗದಲ್ಲಿ "ಹಾಲು ನೋಡೇ" ಅಂತ ನನ್ನನ್ನು ಕೂಗಿದ್ದೂ ಅದರಲ್ಲಿತ್ತು.

ಮೊನ್ನೆ ಯಾವುದೋ ಕಂಪನಿಯ ಎಐ ಯಂತ್ರ ಕಟ್ಟಿದ ಭಕ್ತಿಗೀತೆ ಕೇಳಿದೆ. ಅದರಲ್ಲೂ ದೇವರಿಗೆ "ಹಾಲು ನೋಡೇ" ಅನ್ನುತ್ತೆ! ಇದು ನಮ್ಮವ್ವನ ಹಾಡು, ಆ ಮಾತು ಅವಳು ನನಗೆ ಹೇಳಿದ್ದು ಅಂತ ಅದರ ಕೆಳಗೆ ಕಾಮೆಂಟು ಬರೆದೆ. ಜನ ನನ್ನ ಮೇಲೆ ಮುಗಿಬಿದ್ದರು.

"ಜನಪದಕ್ಕೆ ಯಾವ ಕಾಪಿರೈಟು ಆಂಟೀ?" ಅಂದ ಒಬ್ಬ.

"ಹಾಲು ಉಕ್ಕಿತಾ?" ಅಂತ ಇನ್ನೊಬ್ಬ ನಕ್ಕ.

ಇವತ್ತು ನೋಡಿದರೆ, ನಮ್ಮದೇ ಆ ಕಂಪನಿ ಹಾಡಿನ ನಕಲು ಅಂತ ನಿನ್ನ ಹಾಡನ್ನು ತೆಗೆದುಹಾಕಿದ್ದಾರೆ. ಹಳೇ ಫೋನು ಯಾವತ್ತೋ ಕೆಟ್ಟಿತು. ನಿನ್ನ ದನಿ ಬೇರೆಲ್ಲೂ ಇಲ್ಲ. ನಂಜುಂಡೇಶ್ವರನ ಮುಂದೆ ದೀಪ ಸುಮ್ಮನೆ ಉರಿಯಿತು.

"ವಾಪಸ್ ಬರಬೇಕಂದ್ರೆ ಹಾಡಿದವರ ಸಹಿ ಬೇಕಂತಮ್ಮ," ಅಂದಳು ಸಾಹಿತ್ಯ. "ಅಜ್ಜಿ ಸಹಿ ಇರೋ ಪೇಪರ್ ಇದ್ಯಾ?"

ನೀನು ಹೆಬ್ಬೆಟ್ಟು ಒತ್ತುತ್ತಿದ್ದವಳು ಅಂತ ಅವಳಿಗೆ ಗೊತ್ತಿಲ್ಲ.

ಈ ಕಾಗದ ನಿನಗೆ ತಲುಪಿದ್ದರೂ, ಓದಿ ಹೇಳೋಕೆ ನಾನು ಅಲ್ಲಿರಬೇಕಿತ್ತು.