ಭಟ್ಟಿ ಮುಂದ ಎಷ್ಟು ವರ್ಷ

ಸಿಂಧನೂರು
೯ ಫೆಬ್ರುವರಿ ೨೦೨೫

ಪ್ರೀತಿಯ ಅಬ್ಬಾಗ, ಮಗಳು ತಮನ್ನಾಳ ಸಲಾಂ.

ಮೊಣಕಾಲು ನೋವು ಹ್ಯಾಂಗೈತಿ? ಗುರುಗುಂಟಾದಾಗ ಚಳಿ ಇನ್ನಾ ಹೋಗಿಲ್ಲ ಅಂತ ಅತ್ತಿ ಹೇಳಿದಳು. ನೀ ಫೋನ್ ಎತ್ತಂಗಿಲ್ಲ, ಅದಕ್ಕ ಬರಿಯಾಕತ್ತೀನಿ. ನೀ ಬೀಡಿ ಬಿಟ್ಟಿಯಂತ ಕೇಳಿ ಖುಷಿಗಿಂತ ಅಳುನ ಹೆಚ್ಚು ಬಂತು.

ಅಮ್ಮಿ ಹೋಗಿ ಏಳು ತಿಂಗಳಾತು. ನಲವತ್ತನೇ ದಿನದ ಮರುದಿನ ನೀ ಮನಿ ಬಿಟ್ಟು ಅತ್ತಿ ಊರಿಗೆ ಹೋದಿ. ಯಾಕಂತ ನನಗ ಗೊತ್ತೈತಿ. ಶ್ವಾಸಕೋಶದ ಕ್ಯಾನ್ಸರ್ ತಪಾಸಣೆಯವರು ನಮ್ಮ ಓಣಿಗೆ ಬಂದಾಗ ಅವರ ಫಾರ್ಮಿನ್ಯಾಗ ಮೊದಲನೇ ಪ್ರಶ್ನೆ ಬೀಡಿದು. ನಲವತ್ತು ವರ್ಷ ಸೇದೀನಿ ಅಂದಿ, ನಿನ್ನ ಹೆಸರು ಸ್ಕ್ಯಾನಿಗೆ ಬರಕೊಂಡ್ರು. ಅಮ್ಮಿ ಕೆಮ್ಮಿಕೋತ, “ನಂದೂ ಒಂದ್ಸಲ ನೋಡ್ರೀ” ಅಂದಳು. “ನೀ ಯಾವಾಗ ಬೀಡಿ ಸೇದೀದಿ, ಮನಿಗೆ ನಡಿ” ಅಂತ ನೀ ನಕ್ಕಿ. ನಾನೂ ನಕ್ಕೆ, ಅಬ್ಬಾ. ಬರಕೊಳ್ಳಾಕಿನೂ ನಕ್ಕಳು. ಅಮ್ಮಿ ತಾನೂ ನಕ್ಕೋತನ ಎದ್ದು ಹೋದಳು. ನಿನ್ನ ಎದಿ ಸಾಫ್ ಐತಿ ಅಂತ ರಿಪೋರ್ಟ್ ಬಂತು. ಆಕಿದು ಗೊತ್ತಾಗೋದ್ರಾಗ ರೋಗ ಎಲುಬಿಗೆ ಇಳಿದಿತ್ತು. ಮೂವತ್ತು ವರ್ಷ ಭಟ್ಟಿ ಮುಂದ ಕುಂತು ಅಕ್ಕಿ ಹುರದು ಮಂಡಾಳು ಮಾಡಿದಾಕಿ, ನೆಲ್ಲಿನ ಹೊಟ್ಟು, ಹಳೇ ಟೈರು ಸುಟ್ಟ ಹೊಗಿ ಕುಡದಾಕಿ. ಅದನ್ನ ಯಾರೂ ಕೇಳಲಿಲ್ಲ.

ನೀ ಹೋದಮ್ಯಾಲ ನಾ ದವಾಖಾನಿಗೆ ಹೋಗಿ ಇದನ್ನೆಲ್ಲ ಡಾಕ್ಟರ್ ಸಂಘಮಿತ್ರಾ ಅವರಿಗೆ ಹೇಳಿದೆ. ಹೊಸದಾಗಿ ಬಂದಾರ, ಮಸ್ಕಿಯವರು. ಹಳೇ ಫಾರ್ಮ್ ಮುಂದ ಇಟ್ಕೊಂಡು, “ಹಂಗಾದ್ರ ಏನ್ ಕೇಳಬೇಕು, ನೀನ ಹೇಳು” ಅಂದ್ರು. ಭಟ್ಟಿ ಮುಂದ ಎಷ್ಟು ವರ್ಷ ಕುಂತೀರಿ, ಏನ್ ಸುಡ್ತೀರಿ ಅಂತ ಕೇಳ್ರಿ ಅಂದೆ. ಅದನ್ನ ಕನ್ನಡದಾಗೂ ನಮ್ಮ ದಖನಿಯಾಗೂ ಬರೆಸಿದ್ರು. ಭಟ್ಟಿ ಆರೋದು ಮಧ್ಯಾಹ್ನಕ್ಕ, ಅದಕ್ಕ ಶಿಬಿರ ಸಂಜಿಮುಂದ ಇಟ್ರು, ನೋಡಾಕ ಹೆಣ್ಮಕ್ಕಳನ್ನ ಇಟ್ರು. ಮೊದಲ ದಿನ ಬಂದೋರು ಇಬ್ಬರ. ನಾ ಮನಿಮನಿಗೆ ಹೋಗಿ ಅಮ್ಮಿ ಹೆಸರು ಹೇಳಿದೆ. ಮೂರನೇ ವಾರಕ್ಕ ಮೂವತ್ತೊಂದು ಮಂದಿ. ಬಾಜೂ ಭಟ್ಟಿ ಮಹೇಶ್ವರಿ ಅಕ್ಕನ ಶ್ವಾಸಕೋಶದಾಗ ಸಣ್ಣ ಗಂಟು ಸಿಕ್ತು. ರಾಯಚೂರಿನ್ಯಾಗ ಆಪರೇಷನ್ ಆತು, ಉಳಿದಳು. ನನ್ನ ಕೈ ಹಿಡಕೊಂಡು ಅತ್ತಳು. ನನಗ ಆಕಿ ಮ್ಯಾಲ ಹೊಟ್ಟಿಕಿಚ್ಚು ಬಂತು, ಅಬ್ಬಾ. ಅಲ್ಲಾ ಮಾಫ್ ಮಾಡ್ಲಿ.

ನಿನ್ನ ತಪ್ಪಲ್ಲ ಅಂತ ಬರದ್ರ ನೀ ನಂಬಂಗಿಲ್ಲ. ನಕ್ಕೋರಾಗ ನಾನೂ ಒಬ್ಬಾಕಿ ಅಂತಷ್ಟ ಬರೀತೀನಿ.

ಅತ್ತಿಗೂ ಸಲಾಂ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ದೇವರು ನಿನ್ನ ಚಲೋ ಇಡ್ಲಿ.

ನಿನ್ನ
ತಮನ್ನಾ

ತಾ.ಕ.: ಹೊಸ ಫಾರ್ಮ್ ನಾನೂ ತುಂಬಿದೆ. ಹನ್ನೆರಡನೇ ವಯಸ್ಸಿನಿಂದ ಅಮ್ಮಿ ಬಾಜೂಕ ಕುಂತೀನಿ, ಇಪ್ಪತ್ತೆರಡು ವರ್ಷ ಆತು. ಸ್ಕ್ಯಾನಿನ್ಯಾಗ ಬಲಗಡಿ ಒಂದು ಕಲೆ ಕಂಡೈತಿ, ಏನಂತ ಇನ್ನಾ ಹೇಳಿಲ್ಲ. ಶುಕ್ರವಾರ ರಾಯಚೂರಿಗೆ ಕರದಾರ. ಒಬ್ಬಾಕಿ ಹೋಗಾಕ ಅಂಜಿಕಿ ಆಗಾಕತ್ತೈತಿ. ಗುರುವಾರ ಬಸ್ಸಿಗೆ ಬಾ.