ಡಿಸ್ಕಿನ ಭಾಗ ಹಿಗ್ಗಿಸಿದ ದಿನ

೧೪ ನವೆಂಬರ್ ೨೦೨೪, ಗುರುವಾರ

ಸಿಟ್ಟು ಬಂದದ್ದನ್ನೆಲ್ಲ ಮಲಗುವ ಮೊದಲು ಬರೆದಿಡಿ, ಬಿಪಿ ಇಳಿಯುತ್ತದೆ ಎಂದಿದ್ದಾರೆ ಡಾಕ್ಟರು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೆ ಈ ವಯಸ್ಸಿನಲ್ಲಿ ಹೋಂವರ್ಕು.

ರಾಜೀವನಗರದ ನಮ್ಮ ಕಸೂತಿ ಅಂಗಡಿ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿಟ್ಟವನು ಮಗ ಅಮರೇಶ. ಕಸೂತಿ ಡಿಸೈನು ಇಡುವ ಭಾಗ ತುಂಬಿಹೋಗಿತ್ತು, ಪಕ್ಕದ್ದರಲ್ಲಿ ಬೇಕಾದಷ್ಟು ಜಾಗ. ಇವತ್ತು ಸೊಸೆ ಹೇಮಶ್ರೀ ಅದನ್ನು ಕುಗ್ಗಿಸಿ ಇದನ್ನು ಹಿಗ್ಗಿಸಲು ಕೂತಳು.

"ಕಾಪಿ ಇದೆಯಾ ಅತ್ತೆ?"

"ಹೋದ ವಾರವೇ ಎಲ್ಲಾನೂ ಆ ಪಕ್ಕದ ಭಾಗಕ್ಕೆ ಹಾಕ್ಬುಟ್ಟಿದೀನಿ ಕಣೇ" ಎಂದೆ, ಜಂಬದಿಂದ.

"ಎರಡೂ ಒಂದೇ ಡಿಸ್ಕು ಅತ್ತೆ. ಸೀರೇನ ಮೇಲಿನ ಅರೆಯಿಂದ ಕೆಳಗಿನ ಅರೆಗೆ ಇಟ್ಟಂಗಾಯ್ತು. ಬೀರುಗೇ ಬೆಂಕಿ ಬಿದ್ರೆ?"

ನಾನು ಕೈಯಲ್ಲೇ ಬರೆದ ನವಿಲು, ಗಂಡಭೇರುಂಡ, ಬಳ್ಳಿ, ಎಲ್ಲ ಆ ಒಂದೇ ಡಿಸ್ಕಿನೊಳಗೇ ಇದ್ದವು.

ಇಲವಾಲದ ತನ್ನ ಅಣ್ಣನಿಂದ ಬೇರೆ ಡಿಸ್ಕು ತರಿಸಿ, ಎಲ್ಲವನ್ನೂ ಅದಕ್ಕೆ ಇಳಿಸಿ, ಒಳಗಿನ ಡಿಸ್ಕು ಬಿಡುವಾಗಿರಲೆಂದು ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ ಆಮೇಲೆ ಕೈ ಹಾಕಿದಳು. ನಡುವೆ ನಿಲ್ಲಿಸುವಂತಿಲ್ಲವಂತೆ. ಕರೆಂಟು ಹೋದರೆ ಗತಿಯೇನೆಂದು ನಾನು ಯುಪಿಎಸ್ ಪಕ್ಕ ಬಿಟ್ಟು ಏಳಲಿಲ್ಲ. ರವಿಕೆ ಕೇಳಲು ಬಂದವರನ್ನೂ ಗದರಿ ಕಳಿಸಿದೆ.

ಮುಗಿದ ಮೇಲೆ ಮೊದಲು ನವಿಲನ್ನೇ ತೆರೆಸಿದೆ. ಒಂದು ಗರಿಯೂ ಹೋಗಿರಲಿಲ್ಲ. ಬೆಳಗಿನಿಂದ ನೀರೂ ಕುಡಿದಿಲ್ಲವೆಂಬುದು ನನಗೆ ಆಗಲೇ ನೆನಪಾದದ್ದು. ಸೊಸೆಗೆ ಒಂದು ಒಳ್ಳೆ ಮಾತು ಹೇಳಬೇಕಿತ್ತು. "ಹೋಗು, ಊಟ ಮಾಡು" ಎಂದಷ್ಟೇ ಬಂತು.

ಅವಳ ಅಣ್ಣನ ಡಿಸ್ಕು ಭಾನುವಾರ ವಾಪಸ್ಸು ಹೋಗಬೇಕು, ಅದರ ಜೊತೆ ಕಾಪಿಯೂ. ಅಂಗಡಿಗೆಂದೇ ಒಂದು ಬೇರೆ ಡಿಸ್ಕು ತರುತ್ತಾನೋ ಇಲ್ಲವೋ, ಅಮರೇಶ ಹದಿನಾರನೇ ತಾರೀಕಿನೊಳಗೆ ಹೇಳಬೇಕು.