ಜೀಝಾನಿನಲ್ಲಿ ಹೂ ಮುಡಿದ ಗಂಡಸರು

ಜೀಝಾನ್ ಬಂದರು

ಅತ್ತಿಗೆ, ನಿಮಗೆ ಸುಗಂಧಿಯ ನಮಸ್ಕಾರ. ಹೂಮಾಲೆ ಮುಡಿದ ನಿಮ್ಮ ತಮ್ಮನ ಫೋಟೊ ಇಷ್ಟರಲ್ಲಿ ವಾಟ್ಸಾಪಿಗೆ ಬಂದಿರುತ್ತದೆ. ಅದರಲ್ಲಿ ಕಾಣದ್ದನ್ನು ಈ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ.

ಕ್ರೂಸ್ ಹಡಗು ಹೊರಡುವುದು ಸಂಜೆಗೆ. ಅಲ್ಲಿಯವರೆಗೆ ಊರು ನೋಡೋಣ ಎಂದು ಪೇಟೆಗೆ ಹೋದೆವು. ಇಲ್ಲಿ ಬೆಟ್ಟದ ಕಡೆಯ ಗಂಡಸರು ತಲೆಗೆ ಹೂಮಾಲೆ ಸುತ್ತಿಕೊಂಡು ಗಂಭೀರವಾಗಿ ವ್ಯಾಪಾರ ಮಾಡುತ್ತಾರೆ. ನಿಮ್ಮ ತಮ್ಮನಿಗೂ ಒಂದು ಬೇಕಾಯಿತು. ಬೋಳು ತಲೆಯಲ್ಲಿ ಅದು ನಿಲ್ಲದೆ ಕಿವಿಯವರೆಗೆ ಜಾರಿತು. ಹಾಗೆಯೇ ಅರ್ಧ ಪೇಟೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಹೂವಿನವನು ನನಗೂ ಒಂದು ಮಲ್ಲಿಗೆ ಮಾಲೆ ಚಾಚಿದ.

“ಅವಳಿಗೆ ಬೇಡ, ಹೂವಿನ ವಾಸನೆಗೆ ತಲೆನೋವು ಬರ್ತದೆ” ಎಂದು ಇವರು ತಡೆದರು. ನಾವಿರುವ ಯಾನ್ಬುವಿನಲ್ಲಿ ಇಷ್ಟು ವರ್ಷ ಇದೇ ಮಾತು ಹೇಳಿ ಮನೆಗೆ ಒಂದು ಮೊಳ ಹೂ ತಂದವರಲ್ಲ.

“ನನಗೆ ತಲೆನೋವು ಅಂತ ನಿಮಗೆ ಹೇಳಿದ್ದು ಯಾರು?” ಎಂದು ಕೇಳಿದೆ.

ಉತ್ತರಕ್ಕೆ ಮೊದಲು ಇವರಿಗೆ ಸೀನು ಬಂತು. ಒಂದಲ್ಲ, ಸಾಲಾಗಿ. ಕಣ್ಣು ಕೆಂಪಾಗಿ ಮೂಗು ಸೋರತೊಡಗಿತು. ಹೂ ಆಗದಿರುವುದು ಯಾರಿಗೆಂದು ಹೂವಿನವನಿಗೂ ತಿಳಿಯಿತು.

“ಸಣ್ಣದಿರುವಾಗಲೇ ಹೀಗೆ, ಅಕ್ಕನಿಗೆ ಗೊತ್ತುಂಟು” ಎಂದರು. ನಿಮಗೂ ಗೊತ್ತಿತ್ತಲ್ಲ, ಅತ್ತಿಗೆ.

ಗಾಬರಿ ಬೇಡ, ಮಾತ್ರೆ ಕೊಟ್ಟಿದ್ದೇನೆ. ಎರಡೂ ಮಾಲೆ ಈಗ ನನ್ನ ತಲೆಯಲ್ಲಿವೆ. “ಕ್ಯಾಬಿನ್ ಸಣ್ಣದು, ಹೂ ಬಿಸಾಡು” ಎಂದು ಬೇಡಿಕೊಳ್ಳುತ್ತಿದ್ದಾರೆ.

“ನೀವು ಡೆಕ್ಕಿನಲ್ಲಿ ಮಲಗಿ ಮಾರಾಯ್ರೆ, ಒಳ್ಳೆ ಗಾಳಿ ಉಂಟು” ಎಂದಿದ್ದೇನೆ.

ಹಡಗಿಗೆ ಕರೆಯುತ್ತಿದ್ದಾರೆ.

ಸುಗಂಧಿ